ಪುಷ್ಪಕ ವಿಮಾನ (1987ರ ಚಲನಚಿತ್ರ)

ಪುಷ್ಪಕ ವಿಮಾನ, ಸಿಂಗೀತಂ ಶ್ರೀನಿವಾಸರಾವ್ ಕಥೆ ಬರೆದು ನಿರ್ದೇಶಿಸಿದ, ಸಂಭಾಷಣೆಯೇ ಇಲ್ಲದ ಕನ್ನಡ ಚಲನಚಿತ್ರ. ಕನ್ನಡದ ನಟ ಹಾಗೂ ನಿರ್ಮಾಪಕ ಶೃಂಗಾರ್ ನಾಗರಾಜ್ ನಿರ್ದೇಶಕರೊಡನೆ ಸೇರಿ ಇದನ್ನು ನಿರ್ಮಿಸಿದರು. 1987ರ ನವೆಂಬರ್ 27ರಂದು ಕರ್ನಾಟಕದಲ್ಲಿ ತೆರೆಕಂಡಿತು. ಕಮಲ ಹಾಸನ್, ಅಮಲಾ, ಸಮೀರ್ ಖಕ್ಕರ್, ಟಿನು ಆನಂದ್, ಪ್ರತಾಪ್ ಪೋತನ್, ಫರೀದಾ ಜಲಾಲ್, ಪಿ.ಎಲ್. ನಾರಾಯಣ ಮುಖ್ಯ ಪಾತ್ರಗಳಲ್ಲಿದ್ದಾರೆ. ಬಿ.ಸಿ. ಗೌರಿಶಂಕರ್ ಛಾಯಾಗ್ರಹಣ, ಎಲ್. ವೈದ್ಯನಾಥನ್ ಸಂಗೀತ, ತೋಟ ತರಣಿ ಕಲಾ ನಿರ್ದೇಶನ. ಕೆಲಸವಿಲ್ಲದ ಪದವೀಧರನೊಬ್ಬ ಕುಡಿದು ಬಿದ್ದಿದ್ದ ಸಿರಿವಂತನನ್ನು ಎತ್ತಿಕೊಂಡು ಹೋಗಿ ತನ್ನ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಅವನ ಜಾಗದಲ್ಲಿ ತಾನು ಐಷಾರಾಮಿ ಹೋಟೆಲಿಗೆ ಹೋಗಿ ಇರತೊಡಗುತ್ತಾನೆ. ಇಷ್ಟೇ ಕಥೆಯ ಮೂಲ. ಹಾಸ್ಯಚಿತ್ರವೆಂದೇ ಹೆಸರಾದರೂ ಇದರ ಒಡಲಲ್ಲಿರುವುದು ದುಡಿಮೆ, ಹಣ ಮತ್ತು ನಾಚಿಕೆಯ ಗಂಭೀರ ನಾಟಕ. ಸಿರಿವಂತನ ಅಪಹರಣವನ್ನು ಕನ್ನಡದಲ್ಲಿ ಇಷ್ಟು ಆಳವಾಗಿ ಯೋಚಿಸಿದ ಇನ್ನೊಂದು ಚಿತ್ರ ಸಿಗುವುದು ಕಷ್ಟ.

ಇದೇ ಹೆಸರಿನಲ್ಲಿ 2017ರಲ್ಲಿ ರಮೇಶ್ ಅರವಿಂದ್ ನಟಿಸಿದ, ಎಸ್. ರವೀಂದ್ರನಾಥ್ ನಿರ್ದೇಶಿಸಿದ ಚಿತ್ರವೊಂದು ಬಂದಿದೆ. ಅದರ ಕಥೆ ಬೇರೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಥೆ

ನಾಯಕನಿಗೆ ಹೆಸರಿಲ್ಲ, ಅವನಿರುವ ನಗರಕ್ಕೂ ಹೆಸರಿಲ್ಲ. ವಠಾರದಂಥ ಹಳೆಯ ಕಟ್ಟಡದ ಮೇಲಿನ ಒಂಟಿ ಕೋಣೆ ಅವನ ಮನೆ. ಬಚ್ಚಲಿಗೆ ಸಾಲು, ಪಕ್ಕದಲ್ಲೇ ಚಿತ್ರಮಂದಿರ, ಅಲ್ಲಿಂದ ರಾತ್ರಿಯಿಡೀ ಹೊಡೆದಾಟದ ಸದ್ದು. ಬೆಳಗಾದರೆ ಪ್ರಮಾಣಪತ್ರಗಳ ಕಡತ ಹಿಡಿದು ಕೆಲಸದ ಸಂದರ್ಶನಕ್ಕೆ ಇನ್ನೊಂದು ಸಾಲು. ದಾರಿಯಲ್ಲಿ ಕೂರುವ ಭಿಕ್ಷುಕನ ಮುಂದೆ ಅವನು ಒಮ್ಮೆ ತನ್ನ ನಾಣ್ಯ ತೋರಿಸಿ ಜಂಬ ಪಡುತ್ತಾನೆ. ಭಿಕ್ಷುಕ ತನ್ನ ಗಂಟು ಬಿಚ್ಚಿ ತೋರಿಸಿದಾಗ ಅಲ್ಲಿ ಇವನದಕ್ಕಿಂತ ಎಷ್ಟೋ ಹೆಚ್ಚಿನ ಹಣ. ಪಿ.ಎಲ್. ನಾರಾಯಣ ಅವರ ಮುಖದಲ್ಲಿ ಆ ಕ್ಷಣ ಮೂಡುವ ನಗೆ ಚಿತ್ರದ ಅತ್ಯುತ್ತಮ ಅಭಿನಯಗಳಲ್ಲೊಂದು.

ಒಂದು ರಾತ್ರಿ ರಸ್ತೆಯಲ್ಲಿ ಸಿರಿವಂತನೊಬ್ಬ ಕುಡಿದು ಮೈಮೇಲೆ ಎಚ್ಚರವಿಲ್ಲದೆ ಬಿದ್ದಿರುತ್ತಾನೆ. ಅವನ ಬಳಿ ‘ಪುಷ್ಪಕ್’ ಹೋಟೆಲಿನ ಕೋಣೆಯ ಬೀಗದ ಕೈ. ನಾಯಕ ಅವನನ್ನು ತನ್ನ ಕೋಣೆಗೆ ಸಾಗಿಸಿ, ಕೈಕಾಲು ಕಟ್ಟಿ, ಬಾಯಿಗೆ ಬಟ್ಟೆ ಬಿಗಿದು, ಬೀಗದ ಕೈ ಹಿಡಿದು ಹೋಟೆಲಿಗೆ ನಡೆಯುತ್ತಾನೆ. ಅಲ್ಲಿ ಜಾದೂಗಾರನೊಬ್ಬನ ಮಗಳ ಪರಿಚಯವಾಗುತ್ತದೆ. ಕಿಟಕಿಯಿಂದ ಕಿಟಕಿಗೆ, ಮೆಟ್ಟಿಲಿಂದ ಮೆಟ್ಟಿಲಿಗೆ ಸನ್ನೆಯಲ್ಲೇ ಪ್ರೀತಿ ಬೆಳೆಯುತ್ತದೆ. ಆದರೆ ಅವನು ತೊಟ್ಟ ವೇಷಕ್ಕೆ ತನ್ನದೇ ಆಪತ್ತು ಅಂಟಿಕೊಂಡಿದೆ. ಸಿರಿವಂತನ ಹೆಂಡತಿಯ ಪ್ರಿಯಕರ ಅವನನ್ನು ಮುಗಿಸಲು ಬಾಡಿಗೆ ಹಂತಕನನ್ನು ಕಳಿಸಿದ್ದಾನೆ. ಮಂಜುಗಡ್ಡೆಯ ಚಾಕು ಹಿಡಿದ ಆ ಹಂತಕ ಕೋಣೆಯಲ್ಲಿರುವವನೇ ತನ್ನ ಬೇಟೆ ಎಂದುಕೊಂಡು ನಾಯಕನ ಬೆನ್ನು ಹತ್ತುತ್ತಾನೆ.

ಈ ನಡುವೆ ಭಿಕ್ಷುಕ ಸಾಯುತ್ತಾನೆ. ಅವನು ಕೂಡಿಟ್ಟಿದ್ದ ನೋಟುಗಳು ಹೊರಬಿದ್ದಾಗ ಜನ ಅವನ್ನು ಬಾಚಿಕೊಳ್ಳಲು ಮುಗಿಬೀಳುತ್ತಾರೆ. ಹೆಣದ ಕಡೆ ಯಾರೂ ನೋಡುವುದಿಲ್ಲ. ಆ ಹೋಟೆಲನ್ನು ಕಟ್ಟಿದ ಮಾಲೀಕನದು ಬೇರೆಯೇ ಬಾಳು: ಸಣ್ಣ ಚಹಾ ಅಂಗಡಿಯಿಂದ ಮೇಲೆ ಬಂದವನು. ಈ ಎರಡು ಬದುಕುಗಳನ್ನು ಕಂಡ ಮೇಲೆ ನಾಯಕನಿಗೆ ಕದ್ದ ಸುಖ ರುಚಿಸದಾಗುತ್ತದೆ. ಸಿರಿವಂತನನ್ನು ಬಿಡುಗಡೆ ಮಾಡುತ್ತಾನೆ, ಹುಡುಗಿಗೆ ತನ್ನ ನಿಜ ತಿಳಿಸುತ್ತಾನೆ. ಊರು ಬಿಟ್ಟು ಹೊರಟ ಆಕೆ ಗುಲಾಬಿಗೆ ವಿಳಾಸದ ಚೀಟಿ ಸುತ್ತಿ ಅವನತ್ತ ಎಸೆಯುತ್ತಾಳೆ. ಗಾಳಿಗೆ ಹಾರಿದ ಚೀಟಿ ಚರಂಡಿ ಪಾಲಾಗುತ್ತದೆ, ಹೂವಷ್ಟೇ ಅವನ ಕೈಯಲ್ಲಿ ಉಳಿಯುತ್ತದೆ. ಮತ್ತೆ ಅವನು ಕೆಲಸದ ಸಾಲಿನಲ್ಲಿ ನಿಲ್ಲುತ್ತಾನೆ.

ಒತ್ತೆಹಣವಿಲ್ಲದ ಅಪಹರಣ

ಅಪಹರಣದ ಚಿತ್ರವೆಂದರೆ ದೂರವಾಣಿ ಕರೆ, ಹಣದ ಚೀಲ, ಗಡುವು, ಪೊಲೀಸರ ಜೀಪು. ಇಲ್ಲಿ ಇವೊಂದೂ ಇಲ್ಲ. ನಾಯಕ ಯಾರಿಗೂ ಫೋನು ಮಾಡುವುದಿಲ್ಲ, ಒಂದು ರೂಪಾಯಿ ಒತ್ತೆಹಣ ಕೇಳುವುದಿಲ್ಲ. ಅವನಿಗೆ ಬೇಕಿದ್ದುದು ಸಿರಿವಂತನ ಹಾಸಿಗೆ, ಊಟದ ಮೇಜು, ಬಾಗಿಲಲ್ಲಿ ಸಿಗುವ ಸಲಾಮು. ಹಣ ಕದಿಯುವ ಬದಲು ಹಣವಂತನ ಜಾಗವನ್ನು ಕದಿಯುತ್ತಾನೆ. ಈ ಒಂದು ಬದಲಾವಣೆ ಇಡೀ ಚಿತ್ರವನ್ನು ಅಪರಾಧ ಕಥೆಗಳ ಸಾಲಿನಿಂದ ಹೊರಗೆ ತಂದು ನಿಲ್ಲಿಸಿದೆ.

ಕಾನೂನಿನ ಕಣ್ಣಿಗೆ ಅವನು ಮಾಡಿದ್ದು ಅಪಹರಣ ಮತ್ತು ಅಕ್ರಮ ಬಂಧನ, ಅದರಲ್ಲಿ ಅನುಮಾನವಿಲ್ಲ. ಒತ್ತೆಹಣಕ್ಕಾಗಿ ನಡೆಯುವ ಅಪಹರಣಕ್ಕೆ ಭಾರತೀಯ ದಂಡ ಸಂಹಿತೆಯಲ್ಲಿ 364ಎ ಎಂಬ ಪ್ರತ್ಯೇಕ ಕಲಂ ಬಂದದ್ದು 1993ರಲ್ಲಿ, ಚಿತ್ರ ಬಂದ ಆರು ವರ್ಷಗಳ ಮೇಲೆ. ಚಿತ್ರ ನಾಯಕನ ತಪ್ಪನ್ನು ಮುಚ್ಚಿಡುವುದೂ ಇಲ್ಲ. ಕಟ್ಟಿಹಾಕಿದ ಮನುಷ್ಯನಿಗೆ ಹೊತ್ತುಹೊತ್ತಿಗೆ ಅನ್ನ ಬೇಕು, ಅವನ ಮಲಮೂತ್ರ ಎಲ್ಲಿಗಾದರೂ ಸಾಗಿಸಬೇಕು. ನಾಯಕ ಅದನ್ನು ಪೆಟ್ಟಿಗೆಗೆ ತುಂಬಿ, ಮದುವೆಯ ಉಡುಗೊರೆಯಂತೆ ಬಣ್ಣದ ಕಾಗದ ಸುತ್ತಿ, ಹೊರಗೆಲ್ಲೋ ಬಿಟ್ಟು ಬರುತ್ತಾನೆ. ಪ್ರೇಕ್ಷಕ ಮೂಗು ಮುಚ್ಚಿಕೊಂಡು ನಗುವ ಈ ದೃಶ್ಯದಲ್ಲಿ ಗಟ್ಟಿಯಾದ ವಿಚಾರವೊಂದಿದೆ. ಒಬ್ಬ ಮನುಷ್ಯನನ್ನು ಕೂಡಿಹಾಕಿದವನು ಅವನ ದೇಹದ ಪೂರ್ತಿ ಹೊಣೆ ಹೊರಬೇಕಾಗುತ್ತದೆ. ಹೋಟೆಲಿನಲ್ಲಿ ಯಜಮಾನನಾಗಿ ಮೆರೆಯುವವನು ತನ್ನ ಕೋಣೆಯಲ್ಲಿ ಕೈದಿಯ ಆಳಾಗುತ್ತಾನೆ. ಎರಡು ಸ್ಥಳಗಳ ನಡುವೆ ಅವನ ಓಡಾಟ ಹೆಚ್ಚಿದಷ್ಟೂ ಆ ಸುಖಕ್ಕೆ ಎಷ್ಟು ಬೆವರು ಬೇಕು ಎಂಬುದು ಕಾಣುತ್ತ ಹೋಗುತ್ತದೆ.

ಹೆಸರಿಗೂ ಕಥೆಗೂ ಇರುವ ನಂಟನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲವೆಂದೇ ನನ್ನ ಅನಿಸಿಕೆ. ಪುರಾಣದ ಪುಷ್ಪಕ ವಿಮಾನ ಮೊದಲು ಕುಬೇರನದು. ರಾವಣ ಅದನ್ನು ಬಲವಂತವಾಗಿ ಕಿತ್ತುಕೊಂಡ. ಯುದ್ಧ ಮುಗಿದ ಮೇಲೆ ರಾಮ ಅದರಲ್ಲಿ ಅಯೋಧ್ಯೆಗೆ ಬಂದಿಳಿದು, ಅದನ್ನು ಕುಬೇರನಿಗೇ ಕಳಿಸಿಕೊಟ್ಟ. ಚಿತ್ರದ ನಾಯಕ ಈ ಮೂರನೆಯವನಾಗಬೇಕೋ ಎರಡನೆಯವನಾಗಿ ಉಳಿಯಬೇಕೋ ಎಂಬುದೇ ಕಥೆಯ ಪ್ರಶ್ನೆ. ಕಿತ್ತುಕೊಂಡವನಾಗಿ ಹತ್ತಿದ ವಿಮಾನದಿಂದ ಒಪ್ಪಿಸಿದವನಾಗಿ ಇಳಿಯುತ್ತಾನೆ. ‘ಮಾಯಾಬಜಾರ್’ (1957) ಚಿತ್ರದ ಕಾಲದಲ್ಲಿ ನಿರ್ದೇಶಕ ಕೆ.ವಿ. ರೆಡ್ಡಿಯವರ ಬಳಿ ಪಳಗಿದ ಸಿಂಗೀತಂ ಅವರಿಗೆ ಪುರಾಣವನ್ನು ಇಂದಿನ ಬೀದಿಗೆ ಇಳಿಸುವುದು ಹೊಸ ವಿದ್ಯೆಯಾಗಿರಲಿಲ್ಲ.

ಮಾತಿಲ್ಲದೆ ಹೇಳುವ ಕ್ರಮ

ಇದನ್ನು ಮೂಕಿ ಚಿತ್ರವೆಂದು ಕರೆಯುವ ರೂಢಿ ಇದೆ. ಅದು ಪೂರ್ತಿ ಸರಿಯಲ್ಲ. ಮೂಕಿ ಕಾಲದಲ್ಲಿ ಚಿತ್ರದ ಜತೆ ಮುದ್ರಿತ ಸದ್ದು ಇರಲಿಲ್ಲ, ಮಾತನ್ನು ಅಕ್ಷರದ ಫಲಕಗಳಲ್ಲಿ ತೋರಿಸುತ್ತಿದ್ದರು. ಪುಷ್ಪಕ ವಿಮಾನದಲ್ಲಿ ಸದ್ದು ತುಂಬಿ ತುಳುಕುತ್ತದೆ. ಮಾತಿನ ಫಲಕ ಒಂದೂ ಇಲ್ಲ. ಪಾತ್ರಗಳು ಮಾತಾಡಲು ಬಾರದವರಲ್ಲ, ಮಾತಿನ ಅಗತ್ಯ ಬೀಳದಂಥ ಸನ್ನಿವೇಶಗಳನ್ನೇ ಚಿತ್ರಕಥೆ ಆರಿಸಿಕೊಂಡಿದೆ. ಪ್ರೇಮಿಗಳ ನಡುವೆ ಅಂತರ ಇರುತ್ತದೆ, ಕೈದಿಯ ಬಾಯಿಗೆ ಬಟ್ಟೆ ಇರುತ್ತದೆ, ಹಂತಕ ಕದ್ದು ಬರಬೇಕು, ಜಾದೂಗಾರನ ಕಸುಬೇ ಮಾತಿಲ್ಲದ ಕಸುಬು. ಸಂಭಾಷಣೆ ಇಲ್ಲದಿರುವುದು ಕೃತಕವೆನಿಸದಿರಲು ಇದೇ ಕಾರಣ.

ಮಾತಿನ ಕೆಲಸವನ್ನು ಇಲ್ಲಿ ವಸ್ತುಗಳು ಮಾಡುತ್ತವೆ. ನಾಣ್ಯ, ಬೀಗದ ಕೈ, ಉಡುಗೊರೆ ಪೆಟ್ಟಿಗೆ, ಟೇಪ್ ರೆಕಾರ್ಡರ್, ಮಂಜಿನ ಚಾಕು, ಗುಲಾಬಿ: ಒಂದೊಂದೂ ಒಮ್ಮೆ ಬಂದು ಹೋಗದೆ ಮರಳಿ ಬರುತ್ತ ಅರ್ಥ ಬದಲಿಸಿಕೊಳ್ಳುತ್ತದೆ. ಇವುಗಳಲ್ಲಿ ಬೀಗದ ಕೈಗೆ ಹೆಚ್ಚಿನ ತೂಕ. ದೊಡ್ಡ ಹೋಟೆಲು ಮನುಷ್ಯನನ್ನು ಗುರುತಿಸುವುದಿಲ್ಲ, ಕೀಲಿಯನ್ನು ಗುರುತಿಸುತ್ತದೆ. ಅದನ್ನು ಹಿಡಿದವನೇ ಅತಿಥಿ. ಕಥೆ ನಿಂತಿರುವುದೇ ಈ ಸತ್ಯದ ಮೇಲೆ. ಮಂಜಿನ ಚಾಕುವಿನ ಕಲ್ಪನೆಯೂ ಅಷ್ಟೇ ಚೊಕ್ಕ: ಚುಚ್ಚಿದ ಮೇಲೆ ಕರಗಿ ಹೋಗುವ, ಸಾಕ್ಷಿ ಉಳಿಸದ ಆಯುಧ. ಆದರೆ ಅದು ಹೊತ್ತಿಗೆ ಮುಂಚೆಯೂ ಕರಗುತ್ತದೆ. ಟಿನು ಆನಂದ್ ಅವರ ಹಂತಕ ಬಿಸಿಲಿನ ದೇಶದಲ್ಲಿ ಮಂಜಿನ ಕತ್ತಿ ಹಿಡಿದು ಗಡಿಯಾರದೊಡನೆ ಸೆಣಸುತ್ತಾನೆ.

ಸದ್ದಿನ ಬಳಕೆಯಲ್ಲಿ ಚಿತ್ರ ತನ್ನ ಎತ್ತರ ಮುಟ್ಟುವುದು ಒಂದು ರಾತ್ರಿಯ ದೃಶ್ಯದಲ್ಲಿ. ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ಮಲಗಿದ ನಾಯಕನಿಗೆ ನಿದ್ದೆ ಹತ್ತುವುದಿಲ್ಲ. ಅಲ್ಲಿ ಸದ್ದಿಲ್ಲ. ವಠಾರದಲ್ಲಿ ಚಿತ್ರಮಂದಿರದ ಹೊಡೆದಾಟ, ಬೈಗುಳ, ಗದ್ದಲದ ನಡುವೆ ಕಣ್ಣು ಮುಚ್ಚಿ ರೂಢಿಯಾದವನು ಅವನು. ಕೊನೆಗೆ ತನ್ನ ಹಳೆಯ ಕೋಣೆಯ ಗದ್ದಲವನ್ನೇ ಟೇಪಿನಲ್ಲಿ ಹಿಡಿದು ತಂದು ಹೋಟೆಲಿನಲ್ಲಿ ಹಾಕಿಕೊಂಡು ನಿದ್ರಿಸುತ್ತಾನೆ. ಬಡವನೊಬ್ಬ ಸಿರಿವಂತನ ಜಾಗಕ್ಕೆ ಹೋದರೂ ಅವನ ಕಿವಿ ಹಳೆಯ ಮನೆಯಲ್ಲೇ ಉಳಿಯುತ್ತದೆ ಎಂಬುದನ್ನು ಹತ್ತು ಪುಟದ ಸಂಭಾಷಣೆಯೂ ಇಷ್ಟು ನಿಚ್ಚಳವಾಗಿ ಹೇಳಲಾರದು. ಸಿನಿಮಾ ಕಲಿಯುವವರಿಗೆ ಈ ಚಿತ್ರದ ಒಂದೇ ಒಂದು ಭಾಗ ತೋರಿಸಬೇಕೆಂದರೆ ನಾನು ಇದನ್ನು ಆರಿಸುತ್ತೇನೆ.

ವೈದ್ಯನಾಥನ್ ಅವರ ಸಂಗೀತ ಎಲ್ಲೂ ಮುನ್ನುಗ್ಗಿ ಅಳಿಸಲು ನಗಿಸಲು ಹೋಗುವುದಿಲ್ಲ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಮೂಲಕ ಅವರ ರಾಗಗಳು ಅಷ್ಟು ಹೊತ್ತಿಗಾಗಲೇ ಮನೆಮನೆಯ ಮಾತಾಗಿದ್ದವು. ಇಲ್ಲಿ ಅವರು ಹಾಡುಗಳಿಲ್ಲದ ಚಿತ್ರಕ್ಕೆ ದುಡಿದಿದ್ದಾರೆ. ಎಷ್ಟೋ ಕಡೆ ಸಂಗೀತವನ್ನು ನಿಲ್ಲಿಸಿ ಬೀದಿಯ ಸದ್ದಿಗೆ ದಾರಿ ಬಿಟ್ಟಿದ್ದಾರೆ.

ತಯಾರಿಕೆ ಮತ್ತು ಕಲಾವಿದರು

ಸಿಂಗೀತಂ ಹುಟ್ಟಿದ್ದು 1931ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಕೆ.ವಿ. ರೆಡ್ಡಿಯವರ ‘ದೊಂಗ ರಾಮುಡು’ (1955) ಚಿತ್ರದಲ್ಲಿ ಮಾತಿಲ್ಲದೆ ನಡೆಯುವ ಒಂದು ದೃಶ್ಯ ಕಂಡಾಗ, ಇಡೀ ಚಿತ್ರವನ್ನೇ ಹೀಗೆ ಮಾಡಬಾರದೇಕೆ ಎಂಬ ಆಸೆ ತಮ್ಮಲ್ಲಿ ಮೊಳೆಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಆ ಆಸೆ ಕೈಗೂಡಲು ಮೂರು ದಶಕ ಹಿಡಿಯಿತು.

ಕನ್ನಡಕ್ಕೆ ಅವರು ಹೊರಗಿನವರಾಗಿರಲಿಲ್ಲ. ‘ಸಂಸ್ಕಾರ’ (1970) ಚಿತ್ರದ ತಯಾರಿಕೆಯಲ್ಲಿ ದುಡಿದವರಲ್ಲಿ ಅವರೂ ಒಬ್ಬರು. 1980ರ ದಶಕದಲ್ಲಿ ರಾಜಕುಮಾರ್ ಅವರಿಗೆ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಎರಡು ನಕ್ಷತ್ರಗಳು’, ‘ಶ್ರಾವಣ ಬಂತು’, ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ನಿರ್ದೇಶಿಸಿದರು. ಶಿವರಾಜಕುಮಾರ್ ನಾಯಕನಾಗಿ ಕಾಲಿಟ್ಟ ‘ಆನಂದ್’ (1986) ಕೂಡ ಇವರದೇ. ‘ಹಾಲು ಜೇನು’ ಚಿತ್ರವನ್ನು ನೆನೆದರೆ ಪುಷ್ಪಕದ ಬೀಜ ಅಲ್ಲೂ ಕಾಣುತ್ತದೆ. ಕಾಯಿಲೆ ಬಿದ್ದ ಹೆಂಡತಿಗಾಗಿ ಸಣ್ಣಪುಟ್ಟ ಮೋಸಕ್ಕಿಳಿಯುವ ಒಳ್ಳೆಯ ಗಂಡನ ಕಥೆ ಅದು. ಕೆಡುಕನಲ್ಲದವನು ಕೆಟ್ಟ ಕೆಲಸ ಮಾಡಬೇಕಾದ ಇಕ್ಕಟ್ಟು ಈ ನಿರ್ದೇಶಕನನ್ನು ಬಹುಕಾಲ ಕಾಡಿದೆ.

ನಾಯಕ ತಾರೆ ಮಾತಾಡದ, ಹಾಡದ ಚಿತ್ರಕ್ಕೆ ಹಣ ಹೂಡುವುದು ಆ ಕಾಲದ ಮಾರುಕಟ್ಟೆಯಲ್ಲಿ ದೊಡ್ಡ ಎದೆಗಾರಿಕೆ. ಆ ಎದೆಗಾರಿಕೆ ತೋರಿದ ಶೃಂಗಾರ್ ನಾಗರಾಜ್ ಅವರ ಹೆಸರು ಇನ್ನೂ ಹೆಚ್ಚು ಸಲ ನಮ್ಮ ಬಾಯಲ್ಲಿ ಬರಬೇಕು. ಅವರು 2013ರಲ್ಲಿ ತೀರಿಕೊಂಡರು. ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ. ಪುಷ್ಪಕ್ ಹೋಟೆಲಾಗಿ ಕಾಣುವುದು ಅಲ್ಲಿನ ವಿಂಡ್ಸರ್ ಮ್ಯಾನರ್.

ಕಮಲ ಹಾಸನ್ ಅದಾಗಲೇ ಬಾಲು ಮಹೇಂದ್ರರ ‘ಕೋಕಿಲ’ (1977) ಮೂಲಕ ಕನ್ನಡಿಗರಿಗೆ ಪರಿಚಿತರು. ಪುಷ್ಪಕ ವಿಮಾನಕ್ಕೆ ಒಂದು ತಿಂಗಳ ಹಿಂದೆಯಷ್ಟೇ, 1987ರ ಅಕ್ಟೋಬರಿನಲ್ಲಿ, ಮಣಿರತ್ನಂ ಅವರ ‘ನಾಯಕನ್’ ತೆರೆಕಂಡಿತ್ತು. ಅಲ್ಲಿ ಭೂಗತ ಲೋಕದ ಮುಖಂಡನಾಗಿ ಮುಪ್ಪಿನವರೆಗೆ ಸಾಗಿದ ನಟ ಇಲ್ಲಿ ಕಾಸಿಲ್ಲದ ಹುಡುಗ. ಎರಡನ್ನೂ ಒಂದೇ ಋತುವಿನಲ್ಲಿ ಕಂಡ ಪ್ರೇಕ್ಷಕರ ಭಾಗ್ಯ ಸಣ್ಣದಲ್ಲ. ಕಮಲ್ ಅವರ ನಟನೆಯಲ್ಲಿ ಮೆಚ್ಚಬೇಕಾದ್ದು ಅತಿಯಾದ ಮುಖಚೇಷ್ಟೆಗೆ ಇಳಿಯದ ಸಂಯಮ. ಹೋಟೆಲಿನ ನಡುಮನೆಯಲ್ಲಿ ಅವನ ನಡಿಗೆ ದಿನದಿಂದ ದಿನಕ್ಕೆ ಸಡಿಲಗೊಳ್ಳುತ್ತದೆ, ವಠಾರದ ಮೆಟ್ಟಿಲಲ್ಲಿ ಮತ್ತೆ ಬಿಗಿಯುತ್ತದೆ.

ಸಮೀರ್ ಖಕ್ಕರ್ ದೂರದರ್ಶನದ ‘ನುಕ್ಕಡ್’ ಧಾರಾವಾಹಿಯ ಕುಡುಕ ಖೋಪಡಿಯಾಗಿ ದೇಶಕ್ಕೇ ಪರಿಚಿತರಾಗಿದ್ದರು. ಅಲ್ಲಿ ಬೀದಿಯ ಬಡ ಕುಡುಕ, ಇಲ್ಲಿ ಹಣವಿರುವ ಕುಡುಕ. ಕಟ್ಟಿಹಾಕಿದ ಕುರ್ಚಿಯಲ್ಲಿ ಕಣ್ಣುಗಳಿಂದಷ್ಟೇ ನಟಿಸಬೇಕಾದ ಪಾತ್ರವನ್ನು ಅವರು ನಿಭಾಯಿಸಿದ ಬಗೆ ಈ ಚಿತ್ರದ ಮರೆಯಲ್ಲಿ ಉಳಿದ ಸಂಪತ್ತು. ಜಾದೂಗಾರನ ಪಾತ್ರ ಮಾಡಿದ ಕೆ.ಎಸ್. ರಮೇಶ್ ನಿಜಜೀವನದಲ್ಲೂ ಜಾದೂಗಾರರು.

ಬಿಡುಗಡೆ, ಭಾಷೆ, ಪ್ರಶಸ್ತಿ

ಹೊರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ಇಲ್ಲಿನ ಚಿತ್ರರಂಗ ಗಟ್ಟಿಯಾಗಿ ವಿರೋಧ ಒಡ್ಡಿದ್ದ ಕಾಲ ಅದು. ಇದೊಂದು ಚಿತ್ರ ಮಾತ್ರ ಡಬ್ಬಿಂಗ್ ಎಂಬ ಪ್ರಶ್ನೆಯೇ ಏಳದೆ, ಕನ್ನಡದ ಮಣ್ಣಿನಲ್ಲಿ ತಯಾರಾಗಿ, ಹೆಸರಷ್ಟೇ ಬದಲಿಸಿಕೊಂಡು ಇತರ ರಾಜ್ಯಗಳಿಗೆ ಹೋಯಿತು: ತಮಿಳಿನಲ್ಲಿ ‘ಪೇಸುಂ ಪಡಂ’, ತೆಲುಗಿನಲ್ಲಿ ‘ಪುಷ್ಪಕ ವಿಮಾನಮು’, ಹಿಂದಿಯಲ್ಲಿ ‘ಪುಷ್ಪಕ್’. ಪ್ರತಿ ಭಾಷೆಯವರೂ ಇದನ್ನು ತಮ್ಮದೆಂದೇ ನೋಡಿದರು. ಅದರಿಂದ ಒಂದು ನಷ್ಟವೂ ಆಯಿತು. ಇದು ಕನ್ನಡ ನಿರ್ಮಾಪಕನ ಚಿತ್ರ, ಬೆಂಗಳೂರಿನ ಚಿತ್ರ ಎಂಬ ಸಂಗತಿ ಹೊರಗಿನ ಬರಹಗಳಲ್ಲಿ ಎಷ್ಟೋ ಸಲ ಬಿಟ್ಟುಹೋಗುತ್ತದೆ.

35ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸದಭಿರುಚಿಯ ಮನರಂಜನೆ ನೀಡಿದ ಅತ್ಯುತ್ತಮ ಜನಪ್ರಿಯ ಚಿತ್ರವೆಂಬ ಗೌರವ ಇದಕ್ಕೆ ಸಂದಿತು. ದಕ್ಷಿಣದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ ಪ್ರಶಸ್ತಿಗಳೂ ಬಂದವು.

ದಾವಣಗೆರೆ–ಹರಿಹರದ ನೆಲದಲ್ಲಿ ನಿಂತು ನೋಡಿದರೆ

ಕನ್ನಡ ಚಿತ್ರಗಳ ವಿತರಣೆಯಲ್ಲಿ ‘ಚಿತ್ರದುರ್ಗ–ದಾವಣಗೆರೆ’ ಒಂದು ಪ್ರತ್ಯೇಕ ಪ್ರದೇಶ. 1987ರಲ್ಲಿ ದಾವಣಗೆರೆಯೂ ಹರಿಹರವೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಈ ಅವಳಿ ಊರುಗಳ ಪ್ರೇಕ್ಷಕನಿಗೆ ಪುಷ್ಪಕ ವಿಮಾನ ಯಾಕೆ ಬೇರೆ ರೀತಿ ತಾಗುತ್ತದೆ ಎಂದು ವಿಚಾರಿಸಿದರೆ ಚಿತ್ರದ ಒಳಗುಟ್ಟೂ ಕೆಲಮಟ್ಟಿಗೆ ತೆರೆದುಕೊಳ್ಳುತ್ತದೆ.

ಮೊದಲ ಸಂಗತಿ ಮಾತಿನದು. ದಾವಣಗೆರೆ ವೃತ್ತಿರಂಗಭೂಮಿಯ ತವರು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿನದು, ಅದನ್ನು ಬೆಳೆಸಿದ ಚಿಂದೋಡಿ ಲೀಲಾ ಇಲ್ಲಿನವರು. ಲೀಲಾ ಅವರಿಗೆ ಪದ್ಮಶ್ರೀ ಬಂದದ್ದು 1988ರಲ್ಲಿ, ಪುಷ್ಪಕ ತೆರೆಕಂಡ ಮರುವರ್ಷ. ಕಂಪನಿ ನಾಟಕದ ಜೀವಾಳ ಮಾತು. ಕೊನೆಯ ಸಾಲಿನವನಿಗೂ ಮುಟ್ಟುವ ಕಂಠ, ಚಪ್ಪಾಳೆಗೆ ಜಾಗ ಬಿಟ್ಟು ಎಸೆಯುವ ಮಾತಿನ ಪಂಚು, ಒನ್ಸ್‌ಮೋರ್. ಅಂಥ ಕಿವಿ ಪಳಗಿದ ಊರಿಗೆ ಮಾತೇ ಇಲ್ಲದ ಚಿತ್ರ ಸವಾಲಾಗಬೇಕಿತ್ತು ಅನ್ನಿಸಬಹುದು. ಆದರೆ ಕಂಪನಿ ನಾಟಕ ನೋಡಿದವರಿಗೆ ಇನ್ನೊಂದೂ ಗೊತ್ತು: ಅಲ್ಲಿನ ಹಾಸ್ಯಪಾತ್ರಗಳು ಅರ್ಧ ನಗಿಸುವುದು ಮೈಯಿಂದ. ಬಾಗಿಲ ಹಿಂದೆ ಅವಿತವನು, ತಪ್ಪು ಕೋಣೆ ಹೊಕ್ಕವನು, ಇನ್ನೊಬ್ಬನ ಅಂಗಿ ತೊಟ್ಟು ಸಿಕ್ಕಿಬಿದ್ದವನು, ಇವರೆಲ್ಲ ರಂಗದ ಹಳೆಯ ಬಳಗ. ಪುಷ್ಪಕದ ನಾಯಕ ಆ ಬಳಗಕ್ಕೆ ಸೇರಿದವನೇ.

ಎರಡನೆಯದು ಕೆಲಸದ್ದು. ಹತ್ತಿಯ ಎರೆಮಣ್ಣಿನ ನಡುವೆ ಬೆಳೆದ ದಾವಣಗೆರೆ ಬಟ್ಟೆ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಗೆ ದೇಶವ್ಯಾಪಿ ಹೆಸರಿತ್ತು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣಂನಲ್ಲಿ ಹರಿಹರ ಪಾಲಿಫೈಬರ್ಸ್. ಈ ಕಡೆ ಕಾಲೇಜುಗಳು ಒಂದಾದ ಮೇಲೊಂದು ಏಳುತ್ತಿದ್ದವು: 1951ರ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು. ಗಿರಣಿಗಳು ಬಡವಾಗುತ್ತ ಹೋದ ಕಾಲದಲ್ಲೇ ಪದವೀಧರರ ಸಂಖ್ಯೆ ಏರಿತು. ಮುಂದೆ ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿತು. ಕಡತ ಹಿಡಿದು ಸಾಲಿನಲ್ಲಿ ನಿಂತ ಕಮಲ್ ಇಲ್ಲಿನ ಹುಡುಗರಿಗೆ ತೆರೆಯ ಮೇಲಿನ ಕಲ್ಪನೆಯಲ್ಲ. ಪಿ.ಬಿ. ರಸ್ತೆಯ ಬಸ್ಸಿನಲ್ಲಿ ದಾವಣಗೆರೆ–ಹರಿಹರ ನಡುವೆ ಅಂಥ ಕಡತಗಳು ಎಷ್ಟು ಓಡಾಡಿಲ್ಲ! ಅವನ ಕೋಣೆಯ ಗದ್ದಲವೂ ಇಲ್ಲಿನವರಿಗೆ ಗೊತ್ತಿರುವಂಥದು. ಅಶೋಕ ಟಾಕೀಸಿನ ಪಕ್ಕದ ರೈಲ್ವೆ ಗೇಟು ಬಿದ್ದಾಗ ಎರಡೂ ಕಡೆ ನಿಂತ ಗಾಡಿಗಳ ಹಾರನ್ನು, ರೈಲಿನ ಕೂಗು, ಟಾಕೀಸಿನ ಮುಂದಿನ ಜನ, ಎಲ್ಲ ಸೇರಿದ ಸದ್ದಿನಲ್ಲಿ ಬದುಕಿದವರು ಇಲ್ಲಿದ್ದಾರೆ.

ಮೂರನೆಯ ಸಂಗತಿಯೇ ನನಗೆ ಮುಖ್ಯ. ದಾವಣಗೆರೆ ಸಾಹುಕಾರರ ಊರು. ಹತ್ತಿ, ಶೇಂಗಾ, ಮೆಕ್ಕೆಜೋಳ, ಅಕ್ಕಿ, ಮಂಡಕ್ಕಿ ವ್ಯಾಪಾರದಲ್ಲಿ ದುಡಿದ ಮನೆತನಗಳ ಹೆಸರು ಊರಿನ ಗೋಡೆಗಳ ಮೇಲೆ ಉಳಿದಿದೆ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಹೆಸರು ಎಂಜಿನಿಯರಿಂಗ್ ಕಾಲೇಜಿಗೆ, ಚಿಗಟೇರಿ ಹೆಸರು ಜಿಲ್ಲಾ ಆಸ್ಪತ್ರೆಗೆ, ರಾಜನಹಳ್ಳಿ ಮನೆತನದ ಹೆಸರು ಛತ್ರಕ್ಕೆ. ಇಂಥ ಊರಿನಲ್ಲಿ ಸಾಹುಕಾರನೊಬ್ಬ ಬೆಳಗ್ಗೆ ಗದ್ದಿಗೆಗೆ ಬರಲಿಲ್ಲವೆಂದರೆ ಮಧ್ಯಾಹ್ನದೊಳಗೆ ಮಂಡಿಪೇಟೆಗೆಲ್ಲ ಗೊತ್ತಾಗುತ್ತದೆ. ಗುಮಾಸ್ತ ವಿಚಾರಿಸುತ್ತಾನೆ, ಹಮಾಲರು ವಿಚಾರಿಸುತ್ತಾರೆ, ಬಾಕಿ ಇರುವ ರೈತ ವಿಚಾರಿಸುತ್ತಾನೆ. ಪುಷ್ಪಕದ ಸಿರಿವಂತನನ್ನು ವಿಚಾರಿಸುವವರಿಲ್ಲ. ಅವನು ದಿನಗಟ್ಟಲೆ ಕಾಣೆಯಾದರೂ ಊಟದ ಮೇಜು ಹಾಗೇ ಸಿಂಗರಿಸಿರುತ್ತದೆ. ಅವನನ್ನು ಹುಡುಕಿಕೊಂಡು ಬಂದವನು ಒಬ್ಬನೇ, ಕೊಲೆಗಾರ. ಕೊಟ್ಟು ತೆಗೆದುಕೊಳ್ಳುವ ಬಳಕೆಯಿಂದ ಕಡಿದುಕೊಂಡ ಹಣ ಮನುಷ್ಯನನ್ನು ಎಷ್ಟು ಅನಾಥನನ್ನಾಗಿ ಮಾಡುತ್ತದೆ ಎಂಬುದನ್ನು ಮಂಡಿಪೇಟೆ ಬಲ್ಲವರು ಬೇಗ ಹಿಡಿಯುತ್ತಾರೆ. ಚಹಾ ಅಂಗಡಿಯಿಂದ ಬೆಳೆದ ಹೋಟೆಲ್ ಮಾಲೀಕನ ಪಾತ್ರ ಆ ಸಿರಿವಂತನಿಗೆ ಎದುರಾಗಿ ನಿಲ್ಲುವುದೂ ಅದಕ್ಕೇ. ಖಾನಾವಳಿ, ದೋಸೆ ಹೋಟೆಲುಗಳಿಂದ ಬಾಳು ಕಟ್ಟಿಕೊಂಡವರಿರುವ ಊರಿಗೆ ಆ ಮಾಲೀಕ ಪರಿಚಿತ ಮುಖ.

ಹೊರಗಿನ ಹೋಲಿಕೆಗಳು

ಮಾತಿನ ಚಿತ್ರಗಳು ಬಂದ ಮೇಲೂ ಮಾತನ್ನು ಬೇಡವೆಂದ ಚಾರ್ಲಿ ಚಾಪ್ಲಿನ್ನರ ‘ಸಿಟಿ ಲೈಟ್ಸ್’ (1931) ಮೊದಲು ನೆನಪಾಗುತ್ತದೆ. ಅಲ್ಲಿಯೂ ಒಬ್ಬ ಕುಡುಕ ಲಕ್ಷಾಧೀಶನಿದ್ದಾನೆ. ಅಮಲೇರಿದಾಗ ಅಲೆಮಾರಿಯನ್ನು ಗೆಳೆಯನೆಂದು ತಬ್ಬಿಕೊಳ್ಳುತ್ತಾನೆ, ಇಳಿದಾಗ ಗುರುತೇ ಹಿಡಿಯುವುದಿಲ್ಲ. ಚಾಪ್ಲಿನ್ನರ ಅಲೆಮಾರಿ ಸಿರಿವಂತನ ಮನೆಗೆ ಅವನ ಕೃಪೆಯಿಂದ ಹೋಗುತ್ತಾನೆ. ಸಿಂಗೀತಂ ಅವರ ಪದವೀಧರ ಅವನ ಎಚ್ಚರ ತಪ್ಪಿದ ಹೊತ್ತಿನಲ್ಲಿ ಹೋಗುತ್ತಾನೆ. ಕೃಪೆಗೆ ಕಾಯುವ ತಾಳ್ಮೆ ಎಂಬತ್ತರ ದಶಕದ ಯುವಕನಿಗಿರಲಿಲ್ಲ.

ಅಪಹರಣ ಮತ್ತು ವರ್ಗಭೇದವನ್ನು ಒಟ್ಟಿಗೆ ನೋಡಿದ ದೊಡ್ಡ ಚಿತ್ರ ಅಕಿರಾ ಕುರೊಸಾವಾ ಅವರ ‘ಹೈ ಅಂಡ್ ಲೋ’ (1963). ಶೂ ಕಂಪನಿಯ ಹಿರಿಯ ಅಧಿಕಾರಿಯೊಬ್ಬನ ಮಗನೆಂದುಕೊಂಡು ಅವನ ಕಾರು ಚಾಲಕನ ಮಗನನ್ನು ಹೊತ್ತೊಯ್ಯಲಾಗುತ್ತದೆ. ಗುಡ್ಡದ ಮೇಲಿನ ತಂಪು ಬಂಗಲೆಯನ್ನು ಕೆಳಗಿನ ಕುದಿಯುವ ಗಲ್ಲಿಯಿಂದ ದಿನವೂ ನೋಡಿ ಹಗೆ ಬೆಳೆಸಿಕೊಂಡವನೇ ಅಪಹರಣಕಾರ. ಮೇಲು–ಕೆಳಗಿನ ಅದೇ ನೋಟ ಪುಷ್ಪಕದಲ್ಲೂ ಇದೆ, ಹಗೆ ಮಾತ್ರ ಇಲ್ಲ. ನಿಜ ಘಟನೆಗಳನ್ನು ಆಧರಿಸಿದ ಚಿತ್ರಗಳ ಸಾಲೇ ಬೇರೆ: 1983ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಬಿಯರ್ ಉದ್ಯಮಿ ಫ್ರೆಡಿ ಹೈನೆಕೆನ್ ಅವರ ಅಪಹರಣದ ಮೇಲೆ 2011 ಮತ್ತು 2015ರಲ್ಲಿ ಎರಡು ಚಿತ್ರಗಳು ಬಂದವು. ಅವುಗಳಲ್ಲಿ ಹಣವೇ ಕೇಂದ್ರ.

ಅನಂತರ

ಸಿಂಗೀತಂ ಮತ್ತು ಕಮಲ್ ಜೋಡಿ ‘ಅಪೂರ್ವ ಸಹೋದರರ್ಗಳ್’ (1989), ‘ಮೈಕೇಲ್ ಮದನ ಕಾಮ ರಾಜನ್’ (1990) ಮೂಲಕ ಮುಂದುವರಿಯಿತು. ಕೂಡಿಹಾಕುವ ಕಥೆ ಮಾತ್ರ ನಿರ್ದೇಶಕರನ್ನು ಬಿಡಲಿಲ್ಲ. ‘ಮಗಳಿರ್ ಮಟ್ಟುಂ’ (1994) ಚಿತ್ರದಲ್ಲಿ ಕಿರುಕುಳ ಕೊಡುವ ಮೇಲಧಿಕಾರಿಯನ್ನು ಮೂವರು ಹೆಂಗಸರು ಬಂಧಿಸಿಡುತ್ತಾರೆ. ‘ಮುಂಬೈ ಎಕ್ಸ್‌ಪ್ರೆಸ್’ (2005) ಚಿತ್ರದಲ್ಲಿ ಸಿರಿವಂತನ ಮಗುವಿನ ಬದಲು ಬೇರೊಂದು ಮಗು ಅಪಹರಣಕಾರರ ಕೈಗೆ ಬರುತ್ತದೆ. ಪುಷ್ಪಕದೊಡನೆ ಈ ಎರಡನ್ನೂ ಒಟ್ಟಿಗೆ ಇಟ್ಟು ಅಭ್ಯಾಸ ಮಾಡಿದವರಿಗೆ ಅಪಹರಣವನ್ನು ಹಾಸ್ಯದ ಹದಕ್ಕೆ ತರುವ ಅವರ ಕೈಚಳಕ ಗೊತ್ತಾಗುತ್ತದೆ: ಕೈದಿಗಿಂತ ಕಾವಲುಗಾರನ ಪಾಡು ಹೆಚ್ಚು ಕಷ್ಟವಾಗುವಂತೆ ಮಾಡುವುದು.

ಕರ್ನಾಟಕದಲ್ಲಿ ಅಪಹರಣ ಎಂಬುದು ಹಗುರವಾಗಿ ನೋಡಲಾಗದ ವಸ್ತುವಾದದ್ದು 2000ದ ಜುಲೈ 30ರ ರಾತ್ರಿ. ಗಾಜನೂರಿನ ಮನೆಯಿಂದ ಕಾಡುಗಳ್ಳ ವೀರಪ್ಪನ್ ನಟ ರಾಜಕುಮಾರ್ ಅವರನ್ನು ಕಾಡಿಗೆ ಕರೆದೊಯ್ದ. 108 ದಿನ, ನವೆಂಬರ್ 15ರವರೆಗೆ, ನಾಡು ಉಸಿರು ಬಿಗಿಹಿಡಿದು ಕಾಯಿತು. ಎರಡು ವರ್ಷಗಳ ಮೇಲೆ ಅದೇ ಕೈಗೆ ಸಿಕ್ಕ ಮಾಜಿ ಸಚಿವ ಎಚ್. ನಾಗಪ್ಪ ಜೀವಂತ ಮರಳಲಿಲ್ಲ. ಎ.ಎಂ.ಆರ್. ರಮೇಶ್ ಅವರ ‘ಅಟ್ಟಹಾಸ’ (2013) ಆ ಕಾಲವನ್ನು ತೆರೆಗೆ ತಂದಿತು. ಅದರಲ್ಲಿ ಕಿಶೋರ್ ವೀರಪ್ಪನ್ ಆದರು. ರಾಜಕುಮಾರ್ ಅವರಿಗೆ ಚಿತ್ರದ ಮೇಲೆ ಚಿತ್ರ ನಿರ್ದೇಶಿಸಿದ ಸಿಂಗೀತಂ ಅವರ ಪುಷ್ಪಕ ವಿಮಾನಕ್ಕೂ ಈ ಚಿತ್ರಕ್ಕೂ ನಡುವೆ ಇಪ್ಪತ್ತೈದು ವರ್ಷಗಳ ಅಂತರವಿದೆ. ಒಂದರಲ್ಲಿ ಹಸಿದವನೊಬ್ಬ ಸಿರಿವಂತನನ್ನು ಕಟ್ಟಿಹಾಕಿ ಕೊನೆಗೆ ಬಿಟ್ಟುಕೊಡುತ್ತಾನೆ. ಇನ್ನೊಂದರಲ್ಲಿ ಬಂದೂಕು, ಸರ್ಕಾರಗಳು, ಸಂಧಾನಕಾರರು. ಕನ್ನಡದಲ್ಲಿ ಅಪಹರಣದ ಚಿತ್ರಗಳ ಚರಿತ್ರೆ ಬರೆಯುವವರು ಈ ಎರಡನ್ನೂ ಜತೆಗಿಟ್ಟೇ ಶುರುಮಾಡಬೇಕು.